ಹೊಂಚು ಹಾಕಿದವರಿಗೆ ಪುಕ್ಕಟೆ ರೌಂಡ್ ಇಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಬಗ್ಗೆ ಬಂದ ಬರಹ ಓದಿದೆ. ಮೊದಲಿಗೆ ಅದಕ್ಕೆ ಥ್ಯಾಂಕ್ಸ್. ಮೇಜಿನ ಸುತ್ತ ಕೂತು, ಒಬ್ಬರು ಕಥೆ ನಡೆಸುತ್ತಾ, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗಿ ಆಡುವ ಈ ಆಟದ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಸಿಕ್ಕಿದ್ದೇ ಸಂತೋಷ. ಆದರೆ ಕಾಳಗದ ಬಗ್ಗೆ ಬರೆದ ಭಾಗದಲ್ಲಿ ಒಂದು ಮಾತು ತಪ್ಪಾಗಿದೆ. ಹೊಂಚು ಹಾಕಿ ಕೂತ ತಂಡಕ್ಕೆ ಒಂದು ಪೂರ್ತಿ ರೌಂಡ್ (ಎಲ್ಲರಿಗೂ ಒಂದೊಂದು ಸರದಿ ಸಿಗುವ ಸುತ್ತು) ಪುಕ್ಕಟೆ ಸಿಗುತ್ತದೆ, ಅದು ಮುಗಿದ ಮೇಲೆ ಕಾಳಗ ಶುರುವಾಗುತ್ತದೆ ಅನ್ನುವ ಅರ್ಥದಲ್ಲಿ ಬರೆದಿದ್ದೀರಿ. ಈ ಆಟದ ನಿಯಮ ಪುಸ್ತಕ ಕಾಲಕಾಲಕ್ಕೆ ಹೊಸ ಆವೃತ್ತಿಯಾಗಿ ಬರುತ್ತದೆ. 2014ರ ಆವೃತ್ತಿಯ ನಿಯಮದಲ್ಲಿ ಹಾಗಿಲ್ಲ. 2024ರ ನಿಯಮದಲ್ಲಂತೂ ಅದರ ಹತ್ತಿರಕ್ಕೂ ಇಲ್ಲ. ಹೊಸದಾಗಿ ಆಡಲು ಹೊರಟವರು ನಿಮ್ಮ ಬರಹ ನಂಬಿಯೇ ಶುರು ಮಾಡುತ್ತಾರೆ. ಅದಕ್ಕೇ ಈ ಪತ್ರವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಈ ಆಟ ನಡೆಸುವವನು. ಆಟಗಾರರ ಮಾತಲ್ಲಿ ಹೇಳುವುದಾದರೆ ಡಿಎಂ, ಡಂಜನ್ ಮಾಸ್ಟರ್. ನಮ್ಮ ಮೇಜಿಗೆ ಬರುವವರಲ್ಲಿ ಕಾಲೇಜಿನವರೇ ಜಾಸ್ತಿ. ಡ್ರ್ಯಾಗನ್ ಎದುರಾದಾಗ ಯಾರೂ ಜಗಳ ಆಡುವುದಿಲ್ಲ. ಯಾರೋ ಒಬ್ಬರು ಪೊದೆ ಹಿಂದೆ ಕೂತು ಬಿಲ್ಲಿಗೆ ಬಾಣ ಹೂಡಿದಾಗ ಜಗಳ ಶುರು. "ಅಣ್ಣಾ, ಮೊದಲು ನಾನು ಬಾಣ ಬಿಡ್ತೀನಿ. ಅದು ತಾಗಿದ ಮೇಲೆ ಇನಿಷಿಯೇಟಿವ್ ಹಾಕೋಣ." ಇನಿಷಿಯೇಟಿವ್ ಅಂದರೆ ಕಾಳಗದಲ್ಲಿ ಯಾರ ಸರದಿ ಮೊದಲು ಅಂತ ತೀರ್ಮಾನಿಸುವ ದಾಳ. ಈ ಒಂದು ಮಾತಿಗೆ ಹೂಂ ಅಂದರೆ ಒಂದು ಆಟ, ಉಹೂಂ ಅಂದರೆ ಬೇರೆಯೇ ಆಟ.

ನನ್ನ ಉತ್ತರ ಯಾವಾಗಲೂ ಉಹೂಂ. ಯಾಕೆ ಅಂತ ಹೇಳುತ್ತೇನೆ.

2014ರ ನಿಯಮದ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಯಾರು ಯಾರನ್ನು ಗಮನಿಸಿದರು ಅನ್ನುವುದು. ಅಡಗಿ ಕೂತವರು ಸ್ಟೆಲ್ತ್‌ಗೆ (ಸದ್ದಿಲ್ಲದೆ ಅಡಗುವ ಕೌಶಲ) ಇಪ್ಪತ್ತು ಮುಖದ ದಾಳ ಹಾಕುತ್ತಾರೆ. ಎದುರಿಗಿರುವ ಪ್ರತಿಯೊಬ್ಬರಿಗೂ ಪ್ಯಾಸಿವ್ ಪರ್ಸೆಪ್ಷನ್ ಅಂತ ಒಂದು ಸಂಖ್ಯೆ ಇರುತ್ತದೆ, ಅಂದರೆ ಹತ್ತಕ್ಕೆ ಅವರ ಗಮನಶಕ್ತಿಯ ಬೋನಸ್ ಸೇರಿಸಿದ್ದು. ಡಿಎಂ ಇವೆರಡನ್ನೂ ಹೋಲಿಸಿ ನೋಡುತ್ತಾರೆ. ಅಪಾಯ ಇದೆ ಅಂತ ಗಮನಕ್ಕೇ ಬಾರದವರು ಸರ್ಪ್ರೈಸ್ ಆದರು. ಆಮೇಲೆ ಎಲ್ಲರೂ, ಸರ್ಪ್ರೈಸ್ ಆದವರೂ ಸೇರಿ, ಇನಿಷಿಯೇಟಿವ್ ಹಾಕುತ್ತಾರೆ. ಆಗ ಸರದಿ ಗೊತ್ತಾಗುತ್ತದೆ. ಸರ್ಪ್ರೈಸ್ ಆದವರು ತಮ್ಮ ಮೊದಲ ಸರದಿಯಲ್ಲಿ ಅಲ್ಲಾಡುವ ಹಾಗಿಲ್ಲ, ಏನೂ ಮಾಡುವ ಹಾಗಿಲ್ಲ. ಆ ಸರದಿ ಮುಗಿಯುವ ತನಕ ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲಿ ತಟ್ಟನೆ ಮಾಡುವ ಪ್ರತಿಕ್ರಿಯೆ, ಕೂಡ ಇಲ್ಲ. ಅಷ್ಟೇ. ಪ್ರತ್ಯೇಕ ರೌಂಡ್ ಅಂತ ಏನೂ ಇಲ್ಲ. ಬಾಣ ಬಿಡುವವರೂ ತಮ್ಮ ಸರದಿ ಬಂದಾಗಲೇ ಬಿಡಬೇಕು.

ಇಲ್ಲಿ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶ ಇದೆ. ಸರ್ಪ್ರೈಸ್ ಆಗುವುದು ತಂಡ ಅಲ್ಲ, ಒಬ್ಬೊಬ್ಬ ಮನುಷ್ಯ. ಪಕ್ಕದವನು ಬೆಚ್ಚಿ ನಿಂತಿರುವಾಗ ನೀವು ಕತ್ತಿ ಹಿರಿದಿರಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ಅಡಗಿದವರಲ್ಲಿ ಒಬ್ಬನೇ ಒಬ್ಬ ನಿಮ್ಮ ಕಣ್ಣಿಗೆ ಬಿದ್ದರೂ ಸಾಕು, ನೀವು ಸರ್ಪ್ರೈಸ್ ಆಗಲಿಲ್ಲ. ಉಳಿದ ಮೂವರು ಎಷ್ಟೇ ಚೆನ್ನಾಗಿ ಅಡಗಿರಲಿ.

ಒಂದು ಉದಾಹರಣೆ ತೆಗೆದುಕೊಳ್ಳಿ. 2014ರಲ್ಲಿ ಹೊಸಬರಿಗಾಗಿ ಬಂದ ಸ್ಟಾರ್ಟರ್ ಸೆಟ್‌ನ ಸಾಹಸ ಶುರುವಾಗುವುದೇ ಹೊಂಚಿನಿಂದ. ರಸ್ತೆಯಲ್ಲಿ ಎರಡು ಕುದುರೆ ಸತ್ತು ಬಿದ್ದಿವೆ. ಇಕ್ಕೆಲದ ಕಾಡಿನಲ್ಲಿ ಕುಳ್ಳ ದುಷ್ಟ ಜೀವಿಗಳಾದ ನಾಲ್ಕು ಗಾಬ್ಲಿನ್‌ಗಳು ಅಡಗಿವೆ. ಗಾಬ್ಲಿನ್‌ಗೆ ಸ್ಟೆಲ್ತ್ ಬೋನಸ್ 6, ಅಂದರೆ ಅಡಗುವುದರಲ್ಲಿ ಪಳಗಿದ ಪ್ರಾಣಿ. ನಾಲ್ಕಕ್ಕೂ ಬೇರೆ ಬೇರೆ ದಾಳ ಹಾಕಿದಿರಿ, ಒಟ್ಟು 18, 15, 12, 21 ಬಂತು ಅಂತಿಟ್ಟುಕೊಳ್ಳಿ. ತಂಡದ ಪುರೋಹಿತೆಯ ಪ್ಯಾಸಿವ್ 14. ಅವಳಿಗೆ ಮೂರನೆಯ ಗಾಬ್ಲಿನ್‌ನ ಕಿವಿ ಎಲೆಗಳ ಮಧ್ಯೆ ಕಾಣಿಸಿತು. ಅವಳು ಸರ್ಪ್ರೈಸ್ ಅಲ್ಲ. ಮಾಂತ್ರಿಕನ ಪ್ಯಾಸಿವ್ 10. ಅವನು ಸತ್ತ ಕುದುರೆಯನ್ನೇ ನೋಡುತ್ತಾ ನಿಂತಿದ್ದ. ಅವನು ಸರ್ಪ್ರೈಸ್. ಒಂದೇ ರಸ್ತೆ, ಒಂದೇ ಕ್ಷಣ, ಇಬ್ಬರ ಅನುಭವ ಬೇರೆ ಬೇರೆ. ಡಿಎಂಗೆ ಕಥೆ ಹೇಳಲು ಇದಕ್ಕಿಂತ ಒಳ್ಳೆ ಅವಕಾಶ ಬೇಕಾ?

ಲೆಕ್ಕ ಹಾಕಿ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಒಬ್ಬೊಬ್ಬ ಗಾಬ್ಲಿನ್ ಕಣ್ಣಿಗೆ ಬೀಳದೆ ಉಳಿಯುವ ಸಾಧ್ಯತೆ ನೂರಕ್ಕೆ 70 ಅಂದುಕೊಳ್ಳಿ. ನಾಲ್ಕೂ ಕಾಣದೆ ಉಳಿಯುವುದು ನೂರಕ್ಕೆ 24 ಸಲ ಮಾತ್ರ. ಜನ ಜಾಸ್ತಿ ಆದಷ್ಟೂ ಹೊಂಚು ಕಷ್ಟ. ಇದು ಆಟಗಾರರ ತಂಡಕ್ಕೂ ಅನ್ವಯಿಸುತ್ತದೆ. ಮೈತುಂಬಾ ಪ್ಲೇಟ್ ಆರ್ಮರ್ ಅನ್ನುವ ಲೋಹದ ಕವಚ ಹಾಕಿಕೊಂಡ, ಧರ್ಮಯೋಧನಾದ ಪ್ಯಾಲಡಿನ್‌ಗೆ ಸ್ಟೆಲ್ತ್‌ನಲ್ಲಿ ಡಿಸ್ಅಡ್ವಾಂಟೇಜ್ ಇದೆ. ಎರಡು ದಾಳ ಹಾಕಿ ಕಡಿಮೆ ಬಂದಿದ್ದನ್ನೇ ಹಿಡಿಯಬೇಕು. ಅವನನ್ನು ಜೊತೆಗೆ ಕಟ್ಟಿಕೊಂಡು ಹೊಂಚು ಹಾಕಲು ಹೋದರೆ ಖಣಖಣ ಸದ್ದಿಗೇ ಎಲ್ಲ ಹಾಳು.

ಕೆಲವು ಡಿಎಂಗಳು ಇದಕ್ಕೆ ಗ್ರೂಪ್ ಚೆಕ್ ಬಳಸುತ್ತಾರೆ. ತಂಡದಲ್ಲಿ ಅರ್ಧ ಜನ ಗೆದ್ದರೆ ಇಡೀ ತಂಡ ಗೆದ್ದ ಹಾಗೆ. ಗ್ರೂಪ್ ಚೆಕ್ ಪುಸ್ತಕದಲ್ಲೇ ಇರುವ ನಿಯಮ. ಆದರೆ ಹೊಂಚಿಗೆ ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬೊಬ್ಬರನ್ನೇ ಹೋಲಿಸಿದರೆ ಆಟಗಾರರು ಯೋಚನೆ ಮಾಡುತ್ತಾರೆ. ಪ್ಯಾಲಡಿನ್‌ನನ್ನು ಅರವತ್ತು ಅಡಿ ಹಿಂದೆ ನಿಲ್ಲಿಸುತ್ತಾರೆ, ಕಳ್ಳಹೆಜ್ಜೆಯ ರೋಗ್ ಮತ್ತು ಕಾಡು ಬಲ್ಲ ರೇಂಜರ್ ಇಬ್ಬರೇ ತೆವಳಿಕೊಂಡು ಮುಂದೆ ಹೋಗುತ್ತಾರೆ, ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಕೇಳುತ್ತಾರೆ, ಕಾವಲುಗಾರರು ಯಾವಾಗ ಬದಲಾಗುತ್ತಾರೆ ಅಂತ ಕಾಯುತ್ತಾರೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವ ಹೊತ್ತು ಅದೇ. ಗ್ರೂಪ್ ಚೆಕ್ ಹಾಕಿಬಿಟ್ಟರೆ ಅದೆಲ್ಲ ಯಾಕೆ ಬೇಕು? ಎಲ್ಲರೂ ಸುಮ್ನೆ ಒಟ್ಟಿಗೆ ನಡೆದುಕೊಂಡು ಹೋಗುತ್ತಾರೆ.

ಹಾಗಾದರೆ ಈ ಪುಕ್ಕಟೆ ರೌಂಡ್ ಅನ್ನುವುದು ಎಲ್ಲಿಂದ ಬಂತು? ಯಾರೂ ಸುಳ್ಳು ಕಟ್ಟಿದ್ದಲ್ಲ. ಹಳೆಯ ಆವೃತ್ತಿಗಳ ನೆನಪು ಅದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಮೊದಲ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ಹೊರಬಂತು. ಆಗ ಆರು ಮುಖದ ದಾಳದಲ್ಲಿ ಒಂದು ಅಥವಾ ಎರಡು ಬಿದ್ದರೆ ಆ ಕಡೆಯವರು ಸರ್ಪ್ರೈಸ್. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಒಂದು ನಿಮಿಷದ ರೌಂಡನ್ನು ಆರಾರು ಸೆಕೆಂಡಿನ ಹತ್ತು ಸೆಗ್ಮೆಂಟ್ ಮಾಡಿ, ಎಷ್ಟು ಸೆಗ್ಮೆಂಟ್ ಬೆಚ್ಚಿ ನಿಂತಿರಿ ಅಂತ ಲೆಕ್ಕ ಇಡುತ್ತಿದ್ದರು. 1989ರಲ್ಲಿ ಹತ್ತು ಮುಖದ ದಾಳ ಬಂತು, ಒಂದರಿಂದ ಮೂರು ಬಿದ್ದರೆ ಸರ್ಪ್ರೈಸ್. 2000ದ ಮೂರನೇ ಆವೃತ್ತಿಯಲ್ಲಿ ಸರ್ಪ್ರೈಸ್ ರೌಂಡ್ ಅನ್ನುವ ಪ್ರತ್ಯೇಕ ರೌಂಡೇ ಬಂತು. 2008ರ ನಾಲ್ಕನೇ ಆವೃತ್ತಿಯಲ್ಲೂ ಅದು ಉಳಿಯಿತು. ಆದರೆ ಗಮನಿಸಿ, ಆಗಲೂ ಅದು ಪೂರ್ತಿ ರೌಂಡ್ ಆಗಿರಲಿಲ್ಲ. ಓಡಿ ಹೋಗಿ ಆಮೇಲೆ ಪೂರ್ತಿ ಏಟು ಕೊಡುವ ಸಾಮಾನ್ಯ ಸರದಿ ಅಲ್ಲ, ಮೊಟಕು ಮಾಡಿದ ಸರದಿ. ಇನಿಷಿಯೇಟಿವ್ ಆಗಲೂ ಅದಕ್ಕೆ ಮೊದಲೇ ಬೀಳುತ್ತಿತ್ತು.

2014ರಲ್ಲಿ ಆ ರೌಂಡ್ ಹೋಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಮೇಲಿಂದ 2023ರಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನುವ ಕಂಪ್ಯೂಟರ್ ಗೇಮ್ ಬಂತು. ಅದರಲ್ಲಿ ಅಡಗಿ ಕೂತು ಹೊಡೆದರೆ ಆ ಏಟು ಮೊದಲು ತಾಗುತ್ತದೆ, ಆಮೇಲೆ ಇನಿಷಿಯೇಟಿವ್, ಅದಾದ ಮೇಲೂ ಶತ್ರು ಒಂದು ಸರದಿ ಕಳೆದುಕೊಳ್ಳುತ್ತಾನೆ. ಗೇಮ್‌ಗೆ ಅದು ಸರಿ. ಅಲ್ಲಿ ಸೋತರೆ ಸೇವ್ ಮಾಡಿದ ಜಾಗದಿಂದ ಮತ್ತೆ ಆಡಬಹುದು. ನಮ್ಮ ಮೇಜಿಗೆ ಈಗ ಬರುವ ಹುಡುಗರಲ್ಲಿ ತುಂಬಾ ಜನ ಆ ಗೇಮ್ ಆಡಿಯೇ ಬಂದವರು. ಅವರಿಗೆ ಅದೇ ನಿಯಮ ಅನ್ನಿಸುವುದು ಸಹಜ.

ಆ ಒಂದು ಪುಕ್ಕಟೆ ಏಟಿನಿಂದ ಏನಾಗುತ್ತದೆ ಅಂತ ನೋಡಿ. ಮೊದಲ ಹಂತದ ಮಾಂತ್ರಿಕನಿಗೆ ಇರುವುದು ಏಳೋ ಎಂಟೋ ಹಿಟ್ ಪಾಯಿಂಟ್, ಅಂದರೆ ಪಾತ್ರದ ಪ್ರಾಣದ ಲೆಕ್ಕ. ಗಾಬ್ಲಿನ್‌ನ ಒಂದು ಬಾಣ ಸರಾಸರಿ ಐದೂವರೆ ತಿನ್ನುತ್ತದೆ. ಎರಡು ತಾಗಿದರೆ ಮುಗಿಯಿತು. ನಾಲ್ಕು ಗಾಬ್ಲಿನ್ ಹೊಂಚು ಹಾಕಿದಾಗ ಪುಸ್ತಕದಂತೆ ಆಡಿದರೆ, ಸರ್ಪ್ರೈಸ್ ಆದ ಮಾಂತ್ರಿಕ ಏನಾದರೂ ಮಾಡುವ ಮೊದಲು ಅವನ ತಂಡದ ಮೇಲೆ ನಾಲ್ಕು ಏಟು ಬೀಳಬಹುದು, ಇನಿಷಿಯೇಟಿವ್‌ನಲ್ಲಿ ಸೋತಿದ್ದರೆ ಎಂಟು. ಪುಕ್ಕಟೆ ಏಟನ್ನೂ ಸೇರಿಸಿದರೆ ಎಂಟು, ಇಲ್ಲವೇ ಹನ್ನೆರಡು. ಎಲ್ಲವೂ ತಾಗುವುದಿಲ್ಲ, ನಿಜ. ಆದರೆ ತಾಗಬೇಕಾದದ್ದು ಎರಡೇ ಅಲ್ವಾ.

ನಾನು ಆಟಗಾರನಾಗಿ ಕೂತಿದ್ದ ಒಂದು ಮೇಜಿನಲ್ಲಿ ಇದು ಆಯಿತು. ಪಿಯುಸಿ ಓದುವ ಒಬ್ಬ ಹುಡುಗಿ ಮೊದಲ ಸಲ ಬಂದಿದ್ದಳು. ತನ್ನ ಮಾಂತ್ರಿಕಳ ಕಥೆಯನ್ನು ನೋಟ್‌ಬುಕ್‌ನ ಎರಡು ಪುಟ ಬರೆದು ತಂದಿದ್ದಳು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅವಳ ಚಿತ್ರ, ಹೆಗಲ ಮೇಲೆ ಒಂದು ಗೂಬೆ. ಡಿಎಂ ಹೊಂಚಿನ ದೃಶ್ಯ ಚೆನ್ನಾಗಿಯೇ ಹೇಳಿದರು. ಆಮೇಲೆ ಇನಿಷಿಯೇಟಿವ್ ಹಾಕಿಸದೆ ಸೀದಾ ಬಾಣಗಳ ದಾಳ ಹಾಕಿದರು. ಮಾಂತ್ರಿಕಳು ಬಿದ್ದಳು. ಅದಾದ ಮೇಲೆ ಎಲ್ಲರೂ ಇನಿಷಿಯೇಟಿವ್ ಹಾಕಿದರು. ಅವಳ ಸರದಿ ಬಂದಾಗಲೆಲ್ಲ ಅವಳು ಹಾಕಿದ್ದು ಡೆತ್ ಸೇವ್, ಬದುಕುತ್ತಾಳೋ ಸಾಯುತ್ತಾಳೋ ಅನ್ನುವ ದಾಳ. ಅವತ್ತು ಅವಳ ಕೈಯಿಂದ ಒಂದು ಮಂತ್ರವೂ ಹೊರಡಲಿಲ್ಲ. ಮುಂದಿನ ವಾರ ಅವಳು ಬರಲಿಲ್ಲ. ಪುಸ್ತಕದಂತೆ ಆಡಿದ್ದರೂ ಅವಳು ಬೀಳಬಹುದಿತ್ತು, ಒಪ್ಪುತ್ತೇನೆ. ಆದರೆ ಇನಿಷಿಯೇಟಿವ್‌ನಲ್ಲಿ ಅವಳಿಗೆ 17 ಬಿದ್ದಿತ್ತು. ಮೊದಲು ಅದನ್ನು ಹಾಕಿಸಿದ್ದರೆ ಅವಳ ಬೆಚ್ಚಿದ ಸರದಿ ಗಾಬ್ಲಿನ್‌ಗಳಿಗಿಂತ ಮೊದಲೇ ಮುಗಿದುಹೋಗುತ್ತಿತ್ತು, ಬಾಣ ಬರುವ ಹೊತ್ತಿಗೆ ರಿಯಾಕ್ಷನ್ ವಾಪಸ್ ಬಂದಿರುತ್ತಿತ್ತು, ಅವಳ ಪಟ್ಟಿಯಲ್ಲಿದ್ದ ಏಟು ತಡೆಯುವ ಶೀಲ್ಡ್ ಮಂತ್ರವನ್ನು ರಿಯಾಕ್ಷನ್ ಆಗಿ ಹಾಕಬಹುದಿತ್ತು. ಸರ್ಪ್ರೈಸ್ ಆದವರೂ ಇನಿಷಿಯೇಟಿವ್ ಹಾಕಬೇಕು ಅಂತ ಪುಸ್ತಕ ಹೇಳುವುದರಲ್ಲಿ ಇಷ್ಟು ಅರ್ಥ ಇದೆ.

ಇದೇ ಕಾರಣಕ್ಕೆ ಅಸಾಸಿನ್, ಅಂದರೆ ಗುಟ್ಟಾಗಿ ಕೊಲ್ಲುವುದರಲ್ಲಿ ಪಳಗಿದ ರೋಗ್, ಆಡುವವರಿಗೆ ಸಿಟ್ಟು ಬರುತ್ತದೆ. 2014ರ ಅಸಾಸಿನ್‌ಗೆ ಮೂರನೇ ಹಂತದಲ್ಲಿ ಒಂದು ಶಕ್ತಿ ಸಿಗುತ್ತದೆ: ಸರ್ಪ್ರೈಸ್ ಆಗಿರುವವನಿಗೆ ತಾಗಿದ ಏಟು ತಾನಾಗಿ ಕ್ರಿಟಿಕಲ್, ಅಂದರೆ ಹಾನಿಯ ದಾಳ ಎರಡು ಪಟ್ಟು. ಆದರೆ ಎದುರಾಳಿಗೆ ಇನಿಷಿಯೇಟಿವ್‌ನಲ್ಲಿ ಜಾಸ್ತಿ ಬಿದ್ದು, ಅವನ ಮೊದಲ ಸರದಿ ಏನೂ ಮಾಡದೆ ಕಳೆದುಹೋದರೆ, ಆಮೇಲೆ ಅವನು ಸರ್ಪ್ರೈಸ್ ಅಲ್ಲ. ಕ್ರಿಟಿಕಲ್ ಹೋಯಿತು. "ಅವನು ನನ್ನನ್ನು ನೋಡೇ ಇಲ್ವಲ್ಲ, ಅದು ಹೇಗೆ ಸುಧಾರಿಸಿಕೊಂಡ?" ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇದು. ಒಂದು ರೌಂಡ್ ಅಂದರೆ ಆರು ಸೆಕೆಂಡ್. ಅಷ್ಟರೊಳಗೆ ನೀವು ಮರೆಯಿಂದ ಏಳಬೇಕು, ಬಿಲ್ಲು ಎಳೆಯಬೇಕು. ಕೆಲವರಿಗೆ ಬೆನ್ನ ಹಿಂದೆ ಎಲೆ ಸರಕ್ ಅಂದರೂ ಮೈ ಎಚ್ಚರವಾಗುತ್ತದೆ. ಜಾಸ್ತಿ ಇನಿಷಿಯೇಟಿವ್ ಬಿದ್ದವನು ಅಂಥವನು. ಅವನು ಹೊಡೆಯಲಿಲ್ಲ, ಓಡಲಿಲ್ಲ, ಆದರೆ ಕುತ್ತಿಗೆ ಒಂಚೂರು ತಿರುಗಿಸಿದ. ನೀವು ಗುರಿಯಿಟ್ಟ ಜಾಗದಲ್ಲಿ ಈಗ ಕುತ್ತಿಗೆ ಇಲ್ಲ. ನೀವು ಅಡಗಿದ್ದಕ್ಕೆ ಅಡ್ವಾಂಟೇಜ್ (ಎರಡು ದಾಳ ಹಾಕಿ ಜಾಸ್ತಿ ಬಂದಿದ್ದನ್ನು ಹಿಡಿಯುವುದು) ಇದ್ದೇ ಇದೆ, ಸ್ನೀಕ್ ಅಟ್ಯಾಕ್ ಅನ್ನುವ ರೋಗ್‌ನ ಹೆಚ್ಚುವರಿ ಹಾನಿ ಕೂಡ ಇದೆ. ಕೈತಪ್ಪಿದ್ದು ಆ ಕ್ರಿಟಿಕಲ್ ಮಾತ್ರ. ಅಸಾಸಿನ್ ಆಡುವವರ ಬೇಸರ ಹೋಗಬೇಕಾದರೆ ಡಿಎಂ ನಿಯಮ ಮುರಿಯಬೇಕಿಲ್ಲ. ಮೊದಲೇ ಹೋಗಿ ನೋಡಿಬರಲು, ಹೊಂಚು ಹಾಕಲು ಅವರಿಗೆ ಜಾಸ್ತಿ ಅವಕಾಶ ಕೊಟ್ಟರೆ ಸಾಕು.

ಇನ್ನು ಮಾತಿನ ಮಧ್ಯೆ ಚೂರಿ ಹಾಕುವ ವಿಷಯ. ಸಾಮಂತನ ಮನೆಯ ಊಟ. ಎಲ್ಲರೂ ಎದುರೆದುರು ಕೂತಿದ್ದಾರೆ. ಆಟಗಾರ ಹೇಳುತ್ತಾನೆ, "ನಾನು ಅವನ ಲೋಟಕ್ಕೆ ಮದ್ಯ ಬಗ್ಗಿಸುತ್ತಾ ಚೂರಿ ತೆಗೆದು ಚುಚ್ಚುತ್ತೇನೆ." ಯಾರೂ ಅಡಗಿಲ್ಲ, ಹಾಗಾಗಿ ಸರ್ಪ್ರೈಸ್ ಇಲ್ಲವೇ ಇಲ್ಲ ಅನ್ನುವ ಡಿಎಂಗಳಿದ್ದಾರೆ. ನಾನು ಅಷ್ಟು ಬಿಗಿಯಾಗಿ ಓದುವುದಿಲ್ಲ. ನಿಯಮ ಕೇಳುವುದು ಅಪಾಯವನ್ನು ಗಮನಿಸಿದಿರಾ ಅಂತ, ಮನುಷ್ಯನನ್ನು ನೋಡಿದಿರಾ ಅಂತ ಅಲ್ಲ. ವರ್ಷಗಳಿಂದ ನಂಬಿದ ಸ್ನೇಹಿತ ಪಕ್ಕದಲ್ಲೇ ಕೂತಿದ್ದರೂ ಅವನ ತೋಳಿನೊಳಗಿನ ಚೂರಿ ಕಾಣದೆ ಇರಬಹುದು. ಅಂಥ ಕಡೆ ನಾನು ಆಟಗಾರನಿಂದ ಡಿಸೆಪ್ಷನ್ (ಮೋಸ ಮಾಡುವ ಕೌಶಲ) ಹಾಕಿಸುತ್ತೇನೆ, ಎದುರಿಗಿರುವವರ ಮನಸ್ಸು ಓದುವ ಕೌಶಲವಾದ ಇನ್‌ಸೈಟ್ ಜೊತೆ ಹೋಲಿಸುತ್ತೇನೆ. ಆದರೆ ಅರ್ಧ ಗಂಟೆಯಿಂದ ಬೆದರಿಕೆ ಹಾಕಿಕೊಂಡು ಕೂತ ಕೋಟೆಬಾಗಿಲ ಕಾವಲುಗಾರನ ಮೇಲೆ ಈ ಉಪಾಯ ನಡೆಯುವುದಿಲ್ಲ. ಅವನ ಕೈ ಆಗಲೇ ಈಟಿಯ ಮೇಲಿದೆ. ಸೀದಾ ಇನಿಷಿಯೇಟಿವ್. ಮೊದಲು ಚುಚ್ಚಬೇಕು ಅಂತ ಬಯಸಿದವನಿಗೆ ಮೊದಲ ಸರದಿ ಸಿಗದೆಯೂ ಇರಬಹುದು, ಆಗ ಕಾವಲುಗಾರ ಅವನ ಭುಜದ ಅಲುಗಾಟ ನೋಡಿ ಮೊದಲೇ ಈಟಿ ನೂಕಿದ ಅಂತ ಹೇಳಬೇಕು.

ಕಾಣದಂತೆ ಹೊಡೆಯುವುದು ಬೇರೆ, ಸರ್ಪ್ರೈಸ್ ಬೇರೆ. ಈ ಎರಡನ್ನು ಕಲಸಿಬಿಡುವವರು ತುಂಬಾ. ಅಶ್ವತ್ಥಾಮ ರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿದ್ದನ್ನು ನೆನಪಿಸಿಕೊಳ್ಳಿ. ಧೃಷ್ಟದ್ಯುಮ್ನ ಮಲಗಿದ್ದ. ಮಲಗಿದವನಿಗೆ ಆಟದಲ್ಲಿ ಬೇರೆಯೇ ನಿಯಮ: ಅವನ ಮೇಲಿನ ಏಟಿಗೆ ಅಡ್ವಾಂಟೇಜ್, ಐದು ಅಡಿಯೊಳಗಿಂದ ತಾಗಿದರೆ ಕ್ರಿಟಿಕಲ್. ಗದ್ದಲಕ್ಕೆ ಎದ್ದು ಬಾಗಿಲ ಕಡೆ ಓಡಿದವರನ್ನು ಕೃಪ, ಕೃತವರ್ಮ ಕಾದು ನಿಂತು ಕೊಂದರು. ಆ ಓಡುವವರು ಸರ್ಪ್ರೈಸ್ ಆಗಿದ್ದರಾ? ಇಲ್ಲ. ಕಾಳಗ ಆಗಲೇ ಶುರುವಾಗಿತ್ತು, ಜೀವಕ್ಕೆ ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು. ಸರ್ಪ್ರೈಸ್ ನಿರ್ಧಾರವಾಗುವುದು ಕಾಳಗದ ಆರಂಭದಲ್ಲಿ ಮಾತ್ರ. ಕತ್ತಲಲ್ಲಿ ನಿಂತ ಕೃಪ ಅವರ ಕಣ್ಣಿಗೆ ಬಿದ್ದಿರದಿದ್ದರೆ ಅವನ ಮೊದಲ ಏಟಿಗೆ ಅಡ್ವಾಂಟೇಜ್ ಇರುತ್ತದೆ, ಅಷ್ಟೇ. ಅವರ ಸರದಿಯನ್ನು ಕಿತ್ತುಕೊಳ್ಳುವ ಹಾಗಿಲ್ಲ.

2024ರ ಹೊಸ ಪುಸ್ತಕದಲ್ಲಿ ಇದೆಲ್ಲ ತುಂಬಾ ಸರಳವಾಗಿದೆ. ಸರ್ಪ್ರೈಸ್ ಆದವರು ಇನಿಷಿಯೇಟಿವ್‌ಗೆ ಡಿಸ್ಅಡ್ವಾಂಟೇಜ್‌ನಲ್ಲಿ ದಾಳ ಹಾಕುತ್ತಾರೆ. ಸರದಿ ಕಳೆದುಕೊಳ್ಳುವುದಿಲ್ಲ. ಚೆನ್ನಾಗಿ ಅಡಗಿ ಕೂತವರಿಗೆ ಇನಿಷಿಯೇಟಿವ್‌ನಲ್ಲಿ ಅಡ್ವಾಂಟೇಜ್ ಸಿಗುತ್ತದೆ. ಬರೀ ದಾಳದ ಸರಾಸರಿ ನೋಡಿದರೆ ಅಡಗಿದವರಿಗೆ ಸುಮಾರು 13.8, ಬೆಚ್ಚಿದವರಿಗೆ ಸುಮಾರು 7.2. ಹೆಚ್ಚಿನ ಸಲ ಹೊಂಚು ಹಾಕಿದವರೇ ಮೊದಲು ಹೊಡೆಯುತ್ತಾರೆ, ಆದರೆ ಎದುರಿಗಿರುವವರು ಬೊಂಬೆಯಂತೆ ನಿಲ್ಲಬೇಕಿಲ್ಲ. ಅದಕ್ಕೆ ತಕ್ಕಂತೆ ಬೇರೆಯವೂ ಬದಲಾಗಿವೆ. ಹಳೆಯ ಅಲರ್ಟ್ ಫೀಟ್ (ಪಾತ್ರಕ್ಕೆ ಸಿಗುವ ಒಂದು ವಿಶೇಷ ಸಾಮರ್ಥ್ಯ) ಇದ್ದವರು ಎಚ್ಚರವಿರುವ ತನಕ ಸರ್ಪ್ರೈಸ್ ಆಗುತ್ತಲೇ ಇರಲಿಲ್ಲ, ಹೊಸದರಲ್ಲಿ ಆ ಮಾತಿಲ್ಲ, ಬದಲಿಗೆ ಜೊತೆಗಾರರೊಂದಿಗೆ ಇನಿಷಿಯೇಟಿವ್ ಅದಲುಬದಲು ಮಾಡಿಕೊಳ್ಳಬಹುದು. ಅಸಾಸಿನ್‌ನ ತಾನಾಗಿ ಬರುವ ಕ್ರಿಟಿಕಲ್ ಹೋಗಿ, ಮೊದಲ ರೌಂಡಿನ ಸ್ನೀಕ್ ಅಟ್ಯಾಕ್‌ಗೆ ರೋಗ್ ಹಂತದಷ್ಟು ಹೆಚ್ಚುವರಿ ಹಾನಿ ಬಂದಿದೆ.

ನನಗೆ ಇದರ ಬಗ್ಗೆ ಎರಡು ಮನಸ್ಸು. ಹೊಸಬರಿಗೆ ಇದು ಒಳ್ಳೆಯದು, ಆ ಪಿಯುಸಿ ಹುಡುಗಿಯಂಥವರಿಗೆ ತುಂಬಾ ಒಳ್ಳೆಯದು. ಆದರೆ ಎರಡು ಗಂಟೆ ಯೋಜನೆ ಹಾಕಿ, ಕಾವಲುಗಾರರ ಹೆಸರು ಸಮೇತ ತಿಳಿದುಕೊಂಡು, ಪ್ಯಾಲಡಿನ್‌ನನ್ನು ಮರದ ಹಿಂದೆ ಕೂರಿಸಿ ಹೊಂಚು ಹಾಕಿದ ತಂಡಕ್ಕೆ ಸಿಗುವ ಫಲ ಕಡಿಮೆಯಾಯಿತು. ಪಾತ್‌ಫೈಂಡರ್ ಅನ್ನುವ ಇಂಥದ್ದೇ ಇನ್ನೊಂದು ಆಟದ 2019ರ ಎರಡನೇ ಆವೃತ್ತಿಯ ದಾರಿ ನನಗೆ ಇಷ್ಟ. ಅಲ್ಲಿ ಅಡಗಿದವರು ಸ್ಟೆಲ್ತ್‌ನ ದಾಳವನ್ನೇ ಇನಿಷಿಯೇಟಿವ್ ಆಗಿ ಬಳಸಬಹುದು, ಕಾವಲಿದ್ದವರು ಪರ್ಸೆಪ್ಷನ್ ಬಳಸುತ್ತಾರೆ. ಅಡಗುವುದರಲ್ಲಿ ಜಾಣರಾದವರಿಗೆ ಸರದಿಯಲ್ಲೂ ಅದು ಲಾಭ ತರುತ್ತದೆ.

ಸದ್ಯಕ್ಕೆ ನಾನು ಮಾಡುವುದು ಇಷ್ಟು. ಹೊಸಬರಿದ್ದರೆ 2024ರ ನಿಯಮ, ಪಳಗಿದವರಿದ್ದರೆ 2014ರದು. ಯಾವುದು ಅಂತ ಆಟ ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ. ಎರಡನ್ನೂ ಬೆರೆಸುವುದಿಲ್ಲ. ನಾನು ನಡೆಸುವ ಗಾಬ್ಲಿನ್‌ಗಳಿಗೂ ಆಟಗಾರರಿಗೂ ಒಂದೇ ನಿಯಮ. ಪೊದೆ ಹಿಂದಿನಿಂದ ಬಾಣ ಬಿಡುತ್ತೇನೆ ಅಂತ ಯಾರಾದರೂ ಬಾಯಿಬಿಟ್ಟು ಹೇಳಿದ ತಕ್ಷಣ ನಾನು ಕೈ ಎತ್ತುತ್ತೇನೆ. ಯಾರು ಯಾರನ್ನು ಗಮನಿಸಿದರು ಅಂತ ತೀರ್ಮಾನ. ಎಲ್ಲರ ಇನಿಷಿಯೇಟಿವ್. ಆಮೇಲೆ ಬಾಣ.

ಸಂಪಾದಕರೇ, ಒಂದು ಕೋರಿಕೆ. ಮುಂದಿನ ಪುರವಣಿಯಲ್ಲಿ ದಯವಿಟ್ಟು ಆ ಸಾಲು ತಿದ್ದಿ ಹಾಕಿ. 2014ರ ಆವೃತ್ತಿಯ ಮೂಲ ನಿಯಮಗಳನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಸರ್ಪ್ರೈಸ್ ಬಗ್ಗೆ ಇರುವ ಭಾಗವೂ ಅದರಲ್ಲಿದೆ, ಓದಲು ಎರಡು ನಿಮಿಷ ಸಾಕು. ಅದನ್ನು ಕನ್ನಡಕ್ಕೆ ತಂದು ಅಚ್ಚು ಹಾಕಲು ಯಾರ ಅನುಮತಿಯನ್ನೂ ಕೇಳಬೇಕಿಲ್ಲ, ಮೂಲ ಯಾವುದು, ಲೈಸೆನ್ಸ್ ಯಾವುದು, ಇದು ಅನುವಾದ ಅಂತ ನಮೂದಿಸಿದರೆ ಆಯಿತು. ಅನುವಾದ ಬೇಕಿದ್ದರೆ ನಾನೇ ಮಾಡಿ ಕಳಿಸುತ್ತೇನೆ.

ಇಂತಿ,
ಒಬ್ಬ ಡಿಎಂ, ಮೈಸೂರು